ಹೂಂ ಅನ್ನುವ ಹೆಬ್ಬೆರಳು

ಕೂದಲ ನಡುವೆ ಕೆಂಪು ಚುಕ್ಕಿಗಳು, ಕಪ್ಪು ಟೋಪಿಯ ತೂತುಗಳಿಂದ ಇಣುಕುತ್ತಿವೆ, ಒಂದು, ಎರಡು, ಮೂರು, ಎಣಿಸಬೇಡ ಕಣೇ ಎಣಿಸಿದರೆ ನಾಚಿಕೊಂಡು ಆರಿಹೋಗುತ್ತವೆ ಎನ್ನುತ್ತಿದ್ದಳು ಅಜ್ಜಿ ಮಿಂಚುಹುಳುಗಳನ್ನು ತೋರಿಸಿ, ಆದರೆ ಇವು ಮಿಂಚುಹುಳುಗಳಲ್ಲ, ನನ್ನ ಮಗಳ ತಲೆಯೊಳಕ್ಕೆ ಇಳಿದು ಅಲ್ಲಿ ಏನು ನಡೆದಿದೆಯೆಂದು ನೋಡಿಕೊಂಡು ಬರುವ ಬೆಳಕು, ಮಿದುಳಿನಲ್ಲಿ ಎಲ್ಲಿ ಕೆಲಸ ನಡೆದಿದೆಯೋ ಅಲ್ಲಿಗೆ ನೆತ್ತರು ಹೆಚ್ಚು ಹರಿಯುತ್ತದಂತೆ, ನೆತ್ತರು ಹೆಚ್ಚಿದಲ್ಲಿ ಬೆಳಕು ಸ್ವಲ್ಪ ಸೋತು ಮರಳುತ್ತದಂತೆ, ಎಷ್ಟು ಸೋತಿತೆಂದು ಅಳೆಯುವುದೇ ಈ ಪರೀಕ್ಷೆ — ಹಾಗಂತ ಹೇಳಿದ್ದು ಟೋಪಿ ಮೇಡಂ, ಅವರ ನಿಜವಾದ ಹುದ್ದೆ ಬಾಗಿಲ ಮೇಲಿನ ಫಲಕದಲ್ಲಿ ಎರಡು ಸಾಲು ಉದ್ದವಿದೆ, ನಮ್ಮ ಮನೆಯಲ್ಲಿ ಮಾತ್ರ ಅವರು ಟೋಪಿ ಮೇಡಂ, ಹೆಚ್ಚುಕಡಿಮೆ ನನ್ನದೇ ವಯಸ್ಸು, ಪೆನ್ನನ್ನು ತುರುಬಿಗೆ ಸಿಕ್ಕಿಸಿಕೊಂಡು ಅದೇ ಪೆನ್ನನ್ನು ಮೇಜಿನ ಮೇಲೆಲ್ಲ ಹುಡುಕುತ್ತಾರೆ. ನೋವಾಗುತ್ತಾ ಮೇಡಂ? ಬೆಳಕು ನೋಯಿಸುತ್ತೇನ್ರೀ, ಬಿಸಿಲಿಗೆ ತಲೆ ಕೊಟ್ಟ ಹಾಗೆ ಅಷ್ಟೆ. ಗಾಜಿನ ಆಚೆ ಅವಳು, ಈಚೆ ನಾವಿಬ್ಬರು, ನಮಗೆ ಅವಳು ಕಾಣುತ್ತಾಳೆ, ಅವಳಿಗೆ ಇದು ಬರೀ ಕನ್ನಡಿ. ದೊಡ್ಡವರ ಕುರ್ಚಿಯಲ್ಲಿ ಕೂತಿದ್ದಾಳೆ, ಕಾಲು ನೆಲಕ್ಕೆ ತಾಗುತ್ತಿಲ್ಲ, ಎಡಗಾಲಿನ ಕಾಲುಚೀಲ ಹಿಮ್ಮಡಿಗೆ ಜಾರಿದೆ, ಎದುರಿನ ಪರದೆಯಲ್ಲಿ ಮೀನುಗಳು ಸದ್ದಿಲ್ಲದೆ ಅತ್ತಿಂದಿತ್ತ ಹೋಗುತ್ತಿವೆ, ಎರಡೂ ಕೈ ಕುರ್ಚಿಯ ತೋಳಿನ ಮೇಲೆ, ಅಲ್ಲಾಡಿಸಬಾರದೆಂದು ಹೇಳಿಕೊಟ್ಟಿದ್ದೇವಲ್ಲ, ನನ್ನ ಜಾಣೆ, ನನ್ನ ಗುಂಡಿ, ಹುಟ್ಟಿದಾಗ ಮುಖ ಅಂಗಿಯ ಗುಂಡಿಯಷ್ಟು ದುಂಡಗಿತ್ತೆಂದು ಅವಳಪ್ಪ ಇಟ್ಟ ಹೆಸರು, ಮನೆಯ ತುಂಬ ಗುಂಡಿಗಳೇ ತಾನೇ, ನಾನು ಶಾಲೆಯ ಸಮವಸ್ತ್ರ ಹೊಲಿಯುವವಳು, ಈಗ ಅವಳ ತಲೆಯ ಮೇಲೂ ಒಂದು ಗುಂಡಿ, ಚರ್ಮದೊಳಗಿನ ಅಯಸ್ಕಾಂತಕ್ಕೆ ಹೊರಗಿನಿಂದ ಅಂಟಿಕೊಂಡದ್ದು, ಅಲ್ಲಿಂದ ಒಂದು ತಂತಿ ಕಿವಿಯ ಹಿಂದಿನ ಪುಟ್ಟ ಯಂತ್ರಕ್ಕೆ, ಟೋಪಿ ಮೇಡಂ ಅದೆಲ್ಲದರ ಸುತ್ತ ಎಷ್ಟು ನಾಜೂಕಾಗಿ ಟೋಪಿ ತೊಡಿಸಿದರು, ತುರುಬಿಗೆ ಹೂ ಮುಡಿಸುವಷ್ಟು.

ಹೊಲಿಗೆ ಯಂತ್ರವೆಂದರೆ ಪ್ರಾಣ ಅವಳಿಗೆ, ಆಗ, ಏನೂ ಕೇಳದಿದ್ದಾಗ. ನಾನು ತುಳಿಯಲು ಕೂತರೆ ಎಲ್ಲಿದ್ದರೂ ತೆವಳಿಕೊಂಡು ಬಂದು ಮೇಜಿನ ಕಾಲಿಗೆ ಕೆನ್ನೆ ಒತ್ತಿಕೊಳ್ಳುವಳು, ನಾನು ನಿಲ್ಲಿಸಿದರೆ ಹುಬ್ಬು ಗಂಟಿಕ್ಕಿ ನನ್ನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ತಳ್ಳುವಳು, ನೋಡ್ರೀ ಎಷ್ಟು ಚೂಟಿ, ಸದ್ದು ನಿಂತ್ರೆ ಗೊತ್ತಾಗುತ್ತೆ, ಕಿವಿ ಚೆನ್ನಾಗಿದೆ ಅಂದೆ ಇವರಿಗೆ, ನಾನೇ ಅಂದೆ, ನನ್ನ ಬಾಯಿಂದಲೇ. ಇವರು ಬಸ್ಸು ಓಡಿಸುವವರು, ಒಂದು ದಿನ ಡಿಪೋಗೆ ಕರೆದುಕೊಂಡು ಹೋಗಿ ಹಿಂದಿನಿಂದ ಹಾರ್ನ್ ಹೊಡೆದು ನೋಡಿದರಂತೆ, ಡಿಪೋದಲ್ಲಿದ್ದ ನಾಯಿಗಳೆಲ್ಲ ಎದ್ದು ಓಡಿದವಂತೆ, ಇವಳು ಟೈರಿನ ಮೇಲಿನ ಮಣ್ಣು ಕೆರೆಯುತ್ತಾ ಕೂತೇ ಇದ್ದಳಂತೆ, ಮನೆಗೆ ಬಂದು ಚಪ್ಪಲಿ ಬಿಡದೆ ಹೊಸಿಲಲ್ಲೇ ನಿಂತರು. ಅತ್ತೆ ಒಪ್ಪಲಿಲ್ಲ, ನನ್ನ ಮಗನೂ ನಾಲ್ಕು ತುಂಬೋವರೆಗೆ ಬಾಯೇ ಬಿಟ್ಟಿರಲಿಲ್ಲ ಕಣೇ, ಈಗ ನೋಡು, ಬಸ್ಸಿನ ತುಂಬ ಇವನದೇ ಬಾಯಿ, ಕಂಡಕ್ಟರಿಗೆ ಟಿಕೆಟ್ ಕೇಳೋಕೂ ಬಿಡಲ್ಲ, ಸುಮ್ನಿರಿ ಇಬ್ಬರೂ. ಸುಮ್ಮನಿದ್ದೆವು. ಮೂರು ವರ್ಷ ತುಂಬುವವರೆಗೆ ಸುಮ್ಮನಿದ್ದೆವು. ಆಪರೇಷನ್ನಿನ ದಿನ ಕಿವಿಯ ಮೇಲಿನ ಕೂದಲು ಬೋಳಿಸಿದಾಗ ಅತ್ತೆ ಆ ಕೂದಲನ್ನು ನೆಲದಿಂದ ಆಯ್ದು ಸೆರಗಿನ ತುದಿಗೆ ಕಟ್ಟಿಕೊಂಡರು, ನರ್ಸು ಬಿಸಾಕಿ ಅಜ್ಜೀ ಅಂದರೂ ಕೇಳಲಿಲ್ಲ, ನಾಲ್ಕು ತುಂಬಲಿ ಎಂಬ ಆ ಮಾತನ್ನು ಅಂದಿನಿಂದ ಎತ್ತಿದ್ದೇ ಇಲ್ಲ, ಸೆರಗಿನ ಆ ಗಂಟನ್ನು ಮಾತ್ರ ಎಷ್ಟೋ ದಿನ ಬೆರಳಲ್ಲಿ ಹೊಸೆಯುತ್ತಲೇ ಇದ್ದರು.

ಕಿವಿಯೊಳಗೆ ಒಂದು ಶಂಖ ಇದೆ ಎಂದು ಡಾಕ್ಟರು ಕಾಗದದ ಮೇಲೆ ಬರೆದು ತೋರಿಸಿದರು, ಬಸವನಹುಳುವಿನ ಚಿಪ್ಪಿನಂಥದ್ದು, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ಅದರ ಸುರುಳಿಯ ಉದ್ದಕ್ಕೂ ಸಾವಿರಾರು ಕೂದಲೆಳೆಗಳು, ಸದ್ದು ಬಂದರೆ ಪೈರಿನ ಹಾಗೆ ತೂಗುವಂಥವು, ಇವಳ ಶಂಖದಲ್ಲಿ ಪೈರೇ ಇಲ್ಲ, ಹಾಗಾಗಿ ಒಂದು ತಂತಿ ತೂರಿಸ್ತೀವಿ, ಅದರಲ್ಲಿ ಇಪ್ಪತ್ತೆರಡು ಚುಕ್ಕಿ, ಅವೇ ನರಕ್ಕೆ ಸುದ್ದಿ ಮುಟ್ಟಿಸ್ತವೆ. ಸಾವಿರಾರು ಎಳೆಯ ಕೆಲಸ ಇಪ್ಪತ್ತೆರಡರಲ್ಲಾ ಸಾರ್? ಆಗುತ್ತಮ್ಮ, ಮಿಕ್ಕಿದ್ದನ್ನ ಮಿದುಳು ತುಂಬ್ಕೊಳ್ಳುತ್ತೆ, ಕಲಿಯೋಕೆ ಟೈಮ್ ಕೊಡಿ. ನಾನು ಕಸೂತಿಯಲ್ಲಿ ಯೋಚಿಸಿದೆ, ನನಗೆ ಯೋಚನೆ ಬರುವುದೇ ದಾರದಲ್ಲಿ, ಇಪ್ಪತ್ತೆರಡೇ ಹೊಲಿಗೆಯಲ್ಲಿ ನವಿಲು ಹಾಕು ಎಂದರೆ ಹೇಗೆ ಹಾಕುವುದು, ಕತ್ತಿಗೆರಡು, ಕಣ್ಣಿಗೊಂದು, ಗರಿಗೆ ಉಳಿದಷ್ಟು, ನೋಡುವವರು ಮೊದಲೇ ನವಿಲನ್ನು ಕಂಡವರಾಗಿದ್ದರೆ ಓಹೋ ನವಿಲು ಅನ್ನುತ್ತಾರೆ, ಎಂದೂ ಕಾಣದವರಿಗೆ ಅದು ದಾರದ ಸಿಕ್ಕು. ಇವಳು ನವಿಲನ್ನೇ ಕಂಡವಳಲ್ಲ. ಗಾಯ ಮಾಗಿ, ಕಿವಿಯ ಯಂತ್ರಕ್ಕೆ ಜೀವ ಕೊಟ್ಟ ದಿನ ಅವಳು ಬೆಚ್ಚಿ ಗಾಳಿಯಲ್ಲಿ ಏನನ್ನೋ ಹುಡುಕಿದಳು, ಮನೆಗೆ ಬಂದು ನಾನು ಹೊಲಿಯಲು ಕೂತೆ, ಎಂದಿನ ಹಾಗೆ ಓಡಿ ಬಂದು ಮೇಜಿನ ಕಾಲಿಗೆ ಕೆನ್ನೆ ಒತ್ತಿದಳು, ನಾನು ತುಳಿದೆ — ಅಯ್ಯೋ ಆ ಮುಖ, ಸಾಕಿದ ಹಸುವೇ ತಿವಿದ ಹಾಗೆ, ಅಷ್ಟು ಮೆತ್ತಗೆ ನಡುಗುತ್ತಿದ್ದ ಗೆಳೆಯನಿಗೆ ಇಂಥ ಕರ್ಕಶ ಬಾಯಿಯಿತ್ತೇ ಎಂಬ ಹಾಗೆ, ಎರಡು ತಿಂಗಳು ಆ ಕೋಣೆಗೇ ಬರಲಿಲ್ಲ. ಈಗ ಸದ್ದಿಗೆ ತಿರುಗುತ್ತಾಳೆ. ತಟ್ಟೆ ಬಿದ್ದರೆ ತಿರುಗುತ್ತಾಳೆ, ಕುಕ್ಕರ್ ಕೂಗಿದರೆ ಬೆರಳು ಮಾಡಿ ತೋರಿಸುತ್ತಾಳೆ, ಹಾರ್ನಿಗಂತೂ ಕಿವಿ ಮುಚ್ಚಿಕೊಂಡು ಅಪ್ಪನನ್ನು ಬೈಯುವ ಹಾಗೆ ನೋಡುತ್ತಾಳೆ, ಇವರು ಸಂತೋಷಕ್ಕೆ ಇನ್ನೊಮ್ಮೆ ಹೊಡೆಯುತ್ತಾರೆ. ಹೆಸರಿಗೆ ಮಾತ್ರ ತಿರುಗುವುದಿಲ್ಲ. ಗುಂಡೀ, ಗುಂಡಮ್ಮಾ, ನನ್ನ ಬಂಗಾರದ ಗುಂಡೀ — ಹಿಂದಿನಿಂದ ಕರೆದರೆ ಆ ಪುಟ್ಟ ಕತ್ತು ಅಲ್ಲಾಡುವುದಿಲ್ಲ, ಐದು ವರ್ಷ ತುಂಬಿತು, ಅಮ್ಮ ಅಂದಿಲ್ಲ, ಅನ್ನದಿದ್ದರೆ ಬೇಡ, ನಾನೇನು ಅದಕ್ಕಾಗಿ ಹೆತ್ತೆನೇ.

ಮೀನುಗಳು ಹೋಗುತ್ತಿವೆ, ಬರುತ್ತಿವೆ. ಇನ್ನೂ ಶುರುವಾಗಿಲ್ಲ, ಒಂದ್ನಿಮಿಷ, ಒಂದು ದೀಪ ಕೂದಲಿಗೆ ಸಿಕ್ಕಿಕೊಂಡಿದೆ ಎಂದು ಟೋಪಿ ಮೇಡಂ ಒಳಗೆ ಹೋಗಿ ತೆಳು ಕಡ್ಡಿಯಿಂದ ಕೂದಲು ಸರಿಸುತ್ತಿದ್ದಾರೆ, ಅವಳು ಕದಲುತ್ತಿಲ್ಲ, ಮನೆಯಲ್ಲಿ ಒಂದು ವಾರ ಅಭ್ಯಾಸ ಮಾಡಿಸಿದೆವಲ್ಲ, ಹಿಟ್ಟಿನ ಜರಡಿಯನ್ನು ತಲೆಯ ಮೇಲೆ ಬೋರಲು ಹಾಕಿ ಕಲ್ಲಿನ ಬೊಂಬೆಯ ಹಾಗೆ ಕೂರುವ ಆಟ, ಮೊದಲು ಅತ್ತೆ ಕೂತರು, ಆಮೇಲೆ ಇವರು, ಆಮೇಲೆ ಅವಳು, ಯಾರು ಮೊದಲು ಅಲ್ಲಾಡುತ್ತಾರೋ ಅವರು ಸೋತರು, ಪ್ರತಿ ಸಲವೂ ಅತ್ತೆಯೇ ಸೋಲುತ್ತಿದ್ದರು, ಮೂಗಿನ ಮೇಲೆ ಹಿಟ್ಟು ಉದುರಿ ಸೀನು ಬಂದು. ಹೋದ ತಿಂಗಳು ಮಾತಿನ ಟೀಚರ್ ಹೇಳಿದ್ದು ಕೇಳಿದ ಮೇಲೆ ಮನೆಯಲ್ಲಿ ನಗು ಬಂದದ್ದು ಅದೇ ಮೊದಲು. ಮಾತಿನ ಟೀಚರ್, ವಾರಕ್ಕೆ ಎರಡು ದಿನ ನಾವು ಹೋಗುವವರು, ನೀಟಾಗಿ ಮಡಿಕೆ ಹಿಡಿದ ಸೀರೆ, ಬಾಯಿಗೆ ಅಡ್ಡ ಹಿಡಿದ, ಬಟ್ಟೆ ಬಿಗಿದ ಬಳೆ, ತುಟಿ ನೋಡಿ ಕಲಿಯಬಾರದು ಕಿವಿಯಿಂದಲೇ ಕಲಿಯಬೇಕು ಅಂತ, ನೋಡಿಮ್ಮಾ, ಮಿದುಳಲ್ಲಿ ಖಾಲಿ ಕೋಣೆ ಅಂತ ಇರಲ್ಲ, ಕಿವಿ ಬಂದು ಕೂರಲಿಲ್ಲ ಅಂದ್ರೆ ಕಣ್ಣು ಬಂದು ಚಾಪೆ ಹಾಸ್ಕೊಂಡು ಮಲಗಿಬಿಡುತ್ತೆ, ಆಮೇಲೆ ಏಳು ಅಂದ್ರೆ ಏಳಲ್ಲ, ನೀವು ತಡವಾಗಿ ಬಂದಿದ್ದೀರಿ, ಅದಕ್ಕೇ ಎಚ್ಚರ ಇರೋವಷ್ಟು ಹೊತ್ತೂ ಯಂತ್ರ ಹಾಕಿರಬೇಕು, ಸ್ನಾನ ನಿದ್ದೆ ಬಿಟ್ಟು ತೆಗೀಬಾರದು, ಡೈರಿ ಬರೀರಿ. ಬರೆದೆ. ಅಚ್ಚುಕಟ್ಟಾಗಿ ಬರೆದೆ. ಹನ್ನೆರಡು ಗಂಟೆ, ಹನ್ನೆರಡು ಗಂಟೆ, ಹನ್ನೆರಡು ಗಂಟೆ.

ಸುಳ್ಳು ಬರೆದೆ. ಮಧ್ಯಾಹ್ನ ಎರಡರಿಂದ ನಾಲ್ಕು ನನ್ನ ಕತೆಯ ಹೊತ್ತು. ಅಜ್ಜಿಯ ಕತೆಗಳು, ನನ್ನ ಅಜ್ಜಿ, ಹಲ್ಲಿಲ್ಲದ ಬಾಯಿ, ಕತೆಯ ಮಧ್ಯೆ ನಾವು ಹೂಂ ಅನ್ನದಿದ್ದರೆ ಟಕ್ಕನೆ ನಿಲ್ಲಿಸಿಬಿಡುತ್ತಿದ್ದಳು, ಯಾರಿಗೆ ಹೇಳ್ಲಿ, ಗೋಡೆಗಾ? ಹೂಂ ಅಜ್ಜೀ ಹೂಂ ಹೂಂ ಎಂದು ನಾವು ಮೊಮ್ಮಕ್ಕಳೆಲ್ಲ ನಿದ್ದೆಗಣ್ಣಲ್ಲೇ ಕೂಗಬೇಕು, ಹೂಂ ಬಿದ್ದರೆ ಕತೆಗೆ ಮೆಟ್ಟಿಲು ಸಿಕ್ಕಿದ ಹಾಗೆ, ಒಂದು ಮೆಟ್ಟಿಲು ಕೆಳಗಿಳಿಯುತ್ತಾಳೆ, ಇನ್ನೊಂದು ಹೂಂ, ಇನ್ನೊಂದು ಮೆಟ್ಟಿಲು, ಕೊನೆಯ ವರ್ಷಗಳಲ್ಲಿ ಅವಳ ಮಾತು ಯಾರಿಗೂ ಸರಿಯಾಗಿ ತಿಳಿಯುತ್ತಿರಲಿಲ್ಲ, ಗಾಳಿಯೇ ಹೆಚ್ಚು, ಆದರೂ ಎಲ್ಲಿ ಹೂಂ ಅನ್ನಬೇಕೆಂದು ನಮಗೆ ಗೊತ್ತಿತ್ತು, ಹೇಗೆ ಗೊತ್ತಿತ್ತು? ಗುಂಡಿ ಹುಟ್ಟಿದ ಮೇಲೆ ನಾನೂ ಹೇಳಿದೆ, ಕೇಳುವುದಿಲ್ಲವೆಂದು ಗೊತ್ತಾದ ಮೇಲೂ ಹೇಳಿದೆ, ನಿಲ್ಲಿಸಲು ಬರಲಿಲ್ಲ, ಗೋಡೆಗೆ ಒರಗಿ ಕೂತು ಅವಳ ಬೆನ್ನನ್ನು ನನ್ನ ಎದೆಗೆ ಒತ್ತಿಕೊಂಡು ಹೇಳುತ್ತಿದ್ದೆ, ನನ್ನ ಮಾತು ಎದೆಗೂಡಿನಿಂದ ಅವಳ ಬೆನ್ನಿಗೆ, ಹೊಲಿಗೆ ಯಂತ್ರದ ನಡುಕ ಮೇಜಿನ ಕಾಲಿಗೆ ಇಳಿದ ಹಾಗೆ. ಹೂಂ ಅನ್ನುವವರಿಲ್ಲದೆ ಕತೆ ಮುಂದೆ ಹೋಗುವುದಿಲ್ಲವಲ್ಲ, ಹಾಗಾಗಿ ಅವಳ ಹೆಬ್ಬೆರಳನ್ನು ಹಿಡಿದೆತ್ತಿ ನನ್ನ ಮಣಿಕಟ್ಟಿನ ಮೇಲೆ ಒತ್ತಿಕೊಳ್ಳುತ್ತಿದ್ದೆ, ಅದೇ ಹೂಂ, ನನ್ನ ಹೂಂ ನಾನೇ ಹಾಕಿಕೊಂಡ ಹಾಗೆ, ಹುಚ್ಚು, ಯಾರಾದರೂ ನೋಡಿದ್ದರೆ ನಗುತ್ತಿದ್ದರು. ಒಂದು ಮಧ್ಯಾಹ್ನ ನಾನು ಒತ್ತುವ ಮೊದಲೇ ಅದು ಎದ್ದಿತು. ತಾನಾಗಿ. ಮಾತು ಏರುವಾಗ ಎದ್ದು ಗಾಳಿಯಲ್ಲಿ ನಿಂತು, ಮಾತು ಇಳಿದು ಕೂರುವಾಗ ತಾನೂ ಇಳಿದು ನನ್ನ ಮಣಿಕಟ್ಟನ್ನು ಮುಟ್ಟಿತು, ಅಕ್ಕಿಕಾಳಿಗೆ ಕುಕ್ಕುವ ಕೊಕ್ಕಿನಷ್ಟು ಹಗುರ. ಯಾರಿಗೂ ಹೇಳಲಿಲ್ಲ ಇದನ್ನು. ಹೇಳಿದರೆ ಕರಗಿಹೋಗುತ್ತದೇನೋ ಎಂದು.

ಕಿವಿಯ ಯಂತ್ರ ಬಂದ ಮೇಲೆ ಕತೆಯ ಹೊತ್ತಿಗೆ ಅದನ್ನು ತೆಗೆಯುವಂತಾಯಿತು, ಬೇಕೆಂದು ಅಲ್ಲ, ಎದೆಗೊರಗಿದರೆ ತಲೆಯ ಮೇಲಿನ ಗುಂಡಿ ನನ್ನ ರವಿಕೆಗೆ ಉಜ್ಜಿ ಕಳಚಿ ಬೀಳುತ್ತಿತ್ತು, ಉಜ್ಜಿದರೆ ಅವಳ ಕಿವಿಯೊಳಗೆ ಏನು ಗದ್ದಲವೋ, ಮುಖ ಕಿವುಚಿ ತಾನೇ ಕಿತ್ತು ನನ್ನ ಕೈಗೆ ಕೊಡುತ್ತಿದ್ದಳು, ನಾನು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದೆ, ಎರಡು ಗಂಟೆ, ಅಷ್ಟೇ ತಾನೇ ಎಂದುಕೊಂಡೆ. ಯಂತ್ರ ಚಾಡಿ ಹೇಳಿತು. ಎಷ್ಟು ಹೊತ್ತು ತಲೆಯ ಮೇಲಿತ್ತೆಂದು ಅದು ತನ್ನೊಳಗೇ ಬರೆದಿಟ್ಟುಕೊಳ್ಳುತ್ತದಂತೆ, ನನಗೆ ಗೊತ್ತಿರಲಿಲ್ಲ, ಹೋದ ತಿಂಗಳು ಟೀಚರ್ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಒಮ್ಮೆ ಪರದೆ ನೋಡಿ ಒಮ್ಮೆ ನನ್ನ ಡೈರಿ ನೋಡಿ, ನೀವು ಬರೆದಿರೋದು ಹನ್ನೆರಡು, ಇದು ಹೇಳ್ತಿರೋದು ಹತ್ತು, ದಿನಾ ಎರಡು ಗಂಟೆ ಎಲ್ಲಿ ಹೋಯ್ತಮ್ಮಾ? ಕತೆ ಹೇಳ್ತಿದ್ದೆ. ಯಂತ್ರ ತೆಗೆದಿಟ್ಟು ಕತೆ ಹೇಳ್ತಿದ್ರಾ? ಅವರು ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ, ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು, ಹದಿನಾರು ತಿಂಗಳು, ಒಂಬೈನೂರು ಗಂಟೆಯ ಮೇಲೇ ಆಯ್ತು, ನಿಮಗೆ ಅದು ಮಧ್ಯಾಹ್ನ, ಅವಳ ಮಿದುಳಿನ ಆ ಕೋಣೆಗೆ ಕಗ್ಗತ್ತಲೆ ಕಣಮ್ಮಾ. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಗೆ ತಲೆಯಿಟ್ಟು ಬಂದೆ. ಇವರಿಗೆ ಎಲ್ಲ ಹೇಳಿದೆ, ಊಟ ಮಾಡಿ ಕೈ ತೊಳೆದು ಬಂದು ಅಂದರು, ನಾನು ಹಾರ್ನ್ ಹೊಡೆದು ಕೆಡಿಸಿದ್ದೆಷ್ಟೋ, ಅಮ್ಮ ನಾಲ್ಕು ತುಂಬಲಿ ಅಂತ ಕಾಯಿಸಿ ಕೆಡಿಸಿದ್ದೆಷ್ಟೋ, ನೀನು ಕತೆ ಹೇಳಿ ಕೆಡಿಸಿದ್ದೆಷ್ಟೋ, ಮೂರೂ ಜನ ಸೇರಿ ಅವಳನ್ನ ಹಾಳು ಮಾಡೋದಾಗಿದ್ರೆ ಇಷ್ಟು ಮುದ್ದಾಗಿ ಯಾಕೆ ನಗ್ತಿದ್ಲು, ಮಲ್ಕೋ ಹೋಗು. ಅಂದಿನಿಂದ ಕತೆ ಇಲ್ಲ. ಮಧ್ಯಾಹ್ನ ಎರಡಕ್ಕೆ ಅವಳು ಬಂದು ನನ್ನ ಎದೆಗೆ ಬೆನ್ನು ತಿರುಗಿಸಿ ನಿಲ್ಲುತ್ತಾಳೆ, ನಾನು ಎದ್ದು ಪಾತ್ರೆ ತೊಳೆಯಲು ಹೋಗುತ್ತೇನೆ, ಯಂತ್ರ ಅವಳ ತಲೆಯ ಮೇಲೇ ಇರುತ್ತದೆ, ಹನ್ನೆರಡು ಗಂಟೆ, ನಿಜವಾದ ಹನ್ನೆರಡು ಗಂಟೆ, ಅವಳು ಗೋಡೆಗೆ ಒರಗಿ ಒಬ್ಬಳೇ ಕೂತಿರುತ್ತಾಳೆ.

ಇವತ್ತಿನ ಪರೀಕ್ಷೆ ಆದ ಮೇಲೆ ಎಲ್ಲರೂ ಕೂತು ಮಾತಾಡುತ್ತಾರಂತೆ, ಮಾತಿನ ದಾರಿಯಲ್ಲೇ ಮುಂದುವರಿಸುವುದೋ ಸನ್ನೆಯ ಶಾಲೆಗೆ ಸೇರಿಸುವುದೋ, ಸನ್ನೆಯಾದರೂ ಸರಿ, ನಾನೂ ಕಲಿಯುತ್ತೇನೆ, ನನ್ನ ಬೆರಳು ಸೂಜಿ ಹಿಡಿದ ಬೆರಳು, ಏನು ಹೇಳಿಕೊಟ್ಟರೂ ಕಲಿಯುತ್ತವೆ, ಆ ಮಕ್ಕಳು ಅಂಗಳದಲ್ಲಿ ಕೈಯಲ್ಲೇ ಜಗಳವಾಡಿ ಕೈಯಲ್ಲೇ ಅಣಕಿಸುವುದನ್ನು ಕಂಡಿದ್ದೇನೆ, ಎಷ್ಟು ಚೆಂದ, ನನಗೆ ತಿಳಿಯಬೇಕಾದದ್ದು ಒಂದೇ, ನನ್ನ ದನಿ ಅವಳೊಳಗೆ ಮಾತಾಗಿ ಇಳಿಯುತ್ತದೋ ತಟ್ಟೆ ಬಿದ್ದ ಸದ್ದಾಗಿಯೋ, ಆ ಒಂಬೈನೂರು ಗಂಟೆ ನಾನು ಅವಳಿಂದ ಕದ್ದದ್ದೋ ಅವಳಿಗೆ ಕೊಟ್ಟದ್ದೋ. ಅಮ್ಮನ ದನಿಯೇ ಬೇಕು ಎಂದರು ಟೋಪಿ ಮೇಡಂ ಹೋದ ವಾರ, ಏನಾದ್ರೂ ಹೇಳಿ, ಅಡುಗೆ ಮಾಡೋದು ಹೇಗೆ ಅಂತಾನಾದ್ರೂ ಹೇಳಿ. ಕತೆ ಹೇಳ್ಲಾ ಎಂದೆ, ಕಳ್ಳಿಯ ಹಾಗೆ. ಗೋಡೆಗೆಲ್ಲ ಹಾಸಿಗೆ ಹೊದಿಸಿದಂಥ ಪುಟ್ಟ ಕೋಣೆ, ನಾನು, ಒಂದು ಮೈಕು, ಹೂಂ ಅನ್ನಲು ಯಾರೂ ಇಲ್ಲ, ನನ್ನ ಹೆಬ್ಬೆರಳನ್ನು ನಾನೇ ಮಣಿಕಟ್ಟಿಗೆ ಒತ್ತಿಕೊಂಡು ಹೇಳಿದೆ, ಒಂದೂರಲ್ಲಿ ಒಬ್ಬಳು ಮುದುಕಿ ಇದ್ದಳಂತೆ, ಬಾಯಿ ಅಂದರೆ ಬಾಯಿ, ಮನೆ ಕಟ್ಟಲು ಬಂದ ಗಾರೆಯವನನ್ನೂ ಬಿಡಲಿಲ್ಲವಂತೆ, ಅವನು ಅವಳ ಮಾತಿಗೆ ಹೂಂ ಹೂಂ ಅನ್ನುತ್ತ ಸುತ್ತಲೂ ಗೋಡೆ ಎಬ್ಬಿಸಿ ಬಾಗಿಲು ಬಿಡುವುದನ್ನೇ ಮರೆತುಬಿಟ್ಟನಂತೆ. ಮುದುಕಿ ಒಳಗೆ, ಊರು ಹೊರಗೆ. ಗಾಳಿ ಬಂತು, ಜಾಗ ಸಿಗದೆ ವಾಪಸ್ಸು ಹೋಯಿತಂತೆ. ಬಿಸಿಲು ಬಂತು, ಗೋಡೆಗೆ ಒರಗಿ ಕೂತು ಬೇಜಾರಾಗಿ ಎದ್ದು ಹೋಯಿತಂತೆ. ಕೊನೆಗೆ ಒಂದು ಇರುವೆ ಬಂತು, ಬಾಯಲ್ಲಿ ಸಕ್ಕರೆಯ ಹರಳು, ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು, ಅದರೊಳಗೆ ತಲೆ ತೂರಿಸಿ ಅಜ್ಜೀ ಅಜ್ಜೀ ಬರಲಾ ಅಂತ ಕೇಳಿತಂತೆ, ಆಗ ಮುದುಕಿ ಒಳಗಿನಿಂದ ಕೂಗಿ, ಬಾ ಮಗಾ, ಆದ್ರೆ ಕಾಲು ಒರೆಸ್ಕೊಂಡು ಬಾ, ಅಂದಳಂತೆ. ಇರುವೆಗೆ ಆರು ಕಾಲು. ದಿನವೂ ಬರಬೇಕು, ದಿನವೂ ಆರೂ ಕಾಲು ಒರೆಸಬೇಕು, ಒರೆಸಿ ಒರೆಸಿ ಬಿರುಕು ಸವೆದು ಸವೆದು ಬಾಗಿಲಾಯಿತಂತೆ. ಅಷ್ಟೇ ಕತೆ. ಟೋಪಿ ಮೇಡಂ ನಗುತ್ತ ಬಾಗಿಲು ತೆರೆದು, ಪಾಪ ಇರುವೆ ಅಂದರು. ಇದನ್ನ ಇಪ್ಪತ್ತು ಇಪ್ಪತ್ತು ಸೆಕೆಂಡಿನ ತುಂಡು ಮಾಡ್ತೀವಿ, ಒಂದು ತುಂಡು ಕತೆ, ಆಮೇಲೆ ಅಷ್ಟೇ ಹೊತ್ತು ಸುಮ್ಮನೆ, ಆಮೇಲೆ ಅದೇ ದನಿ ಹಿಂದುಮುಂದಾಗಿ, ಯಾವುದು ಮೊದಲು ಬೇಕಾದ್ರೂ ಬರಬಹುದು, ಎರಡಕ್ಕೂ ಮಿದುಳು ಒಂದೇ ಥರ ಇದ್ರೆ ಅವಳಿಗೆ ಅದು ಸದ್ದು, ಬೇರೆ ಬೇರೆ ಥರ ಇದ್ರೆ ಮಾತು. ಎಲ್ಲಿ ಕತ್ತರಿಸ್ತೀರಿ ಮೇಡಂ? ಕಂಪ್ಯೂಟರ್ ಕತ್ತರಿಸುತ್ತೆ, ಅದಕ್ಕೇನು, ಮಾತು ಮುಗೀತೋ ಇಲ್ವೋ ನೋಡಲ್ಲ. ಬಟ್ಟೆಯನ್ನು ಹಾಗೆ ಕತ್ತರಿಸಿದರೆ ಅಂಗಡಿಯವರು ನಾಳೆಯಿಂದ ಬರಬೇಡ ಅನ್ನುತ್ತಾರೆ ಎಂದೆ, ನಕ್ಕರು, ಪೆನ್ನು ಹುಡುಕಿದರು, ತುರುಬಲ್ಲಿದೆ ಮೇಡಂ.

ಶುರು ಮಾಡ್ತೀನಿ, ಹೆಡ್‌ಫೋನ್ ಹಾಕ್ಕೊಳ್ಳಿ, ಅವಳ ಯಂತ್ರಕ್ಕೆ ಏನು ಹೋಗುತ್ತೋ ಅದೇ ನಿಮಗೂ ಕೇಳ್ಸುತ್ತೆ. ಮೊದಲ ತುಂಡು — ಇದು ಯಾರ ದನಿ, ನನ್ನದೇ, ಆದರೆ ಹಿಂದುಮುಂದು, ಉಸಿರು ಒಳಕ್ಕೆ ಎಳೆದುಕೊಂಡು ಮಾತಾಡುವ ಯಾರೋ, ಅಜ್ಜಿಯ ಕತೆಯ ದೆವ್ವಗಳಿಗೆ ಪಾದ ಹಿಂದಕ್ಕೆ ತಿರುಗಿರುತ್ತಿದ್ದವು, ಮುಖ ಅಮ್ಮನದೇ, ಸೀರೆ ಅಮ್ಮನದೇ, ಪಾದ ನೋಡಿದರೆ ಮಾತ್ರ ಗೊತ್ತಾಗುವುದು, ನನ್ನ ದನಿ ಪಾದ ತಿರುಗಿಸಿಕೊಂಡು ನನ್ನ ಮಗುವಿನ ಹತ್ತಿರ ಹೋಗುತ್ತಿದೆ, ಹೆದರಬೇಡ ಗುಂಡೀ, ಅದು ನಾನಲ್ಲ — ಅವಳು ಹೆದರಲಿಲ್ಲ, ಕಣ್ಣು ಮೀನಿನ ಮೇಲೆ, ಕೈ ಕುರ್ಚಿಯ ತೋಳಿನ ಮೇಲೆ, ಹಿಟ್ಟಿನ ಜರಡಿಯ ಕೆಳಗೆ ಕೂತ ಕಲ್ಲಿನ ಬೊಂಬೆ. ನಿಂತಿತು. ಸುಮ್ಮನೆ ಇಪ್ಪತ್ತು ಸೆಕೆಂಡು, ಪರದೆಯ ಮೇಲೆ ಗೆರೆಗಳು ಏರುತ್ತಿವೆ ಇಳಿಯುತ್ತಿವೆ, ಚೆನ್ನಾಗಿದೆಯಾ ಮೇಡಂ? ನಾನೇನೂ ಹೇಳೋಹಾಗಿಲ್ಲ, ಮೂರು ವಾರ ಲೆಕ್ಕ ಹಾಕ್ಬೇಕು, ಈಗ ಕಾಣೋದರಲ್ಲಿ ಅರ್ಧ ಅವಳ ಎದೆಬಡಿತ. ಆಮೇಲೆ ನಾನು, ಪಾದ ನೆಟ್ಟಗಿರುವ ನಾನು, ಒಂದೂರಲ್ಲಿ ಒಬ್ಬಳು ಮುದುಕಿ, ನನ್ನ ದನಿ ಇಷ್ಟು ಚಿಕ್ಕದೇ, ಇಷ್ಟು ಹೆದರಿಕೆಯದೇ, ಇದ್ದಳಂತೆ, ಬಾಯಿ ಅಂದರೆ ಬಾಯಿ — ಅಲ್ಲಿ, ಬಲಗೈಯಲ್ಲಿ ಏನೋ, ಕಾಲುಚೀಲ ತುರಿಸುತ್ತಿರಬೇಕು, ನಿದ್ದೆ ಬರುತ್ತಿರಬೇಕು, ಬಿಡಲಿಲ್ಲವಂತೆ — ಮತ್ತೆ, ಇಲ್ಲ, ಕಣ್ಣಿನ ಭ್ರಮೆ, ಕಾಣಬೇಕೆಂದುಕೊಂಡವರಿಗೆ ಇಪ್ಪತ್ತೆರಡು ಹೊಲಿಗೆಯಲ್ಲೂ ನವಿಲು. ಎದೆ ಇಲ್ಲ ಅಲ್ಲಿ, ಬೆನ್ನಿಗೆ ಕುರ್ಚಿಯ ಹಲಗೆ ಮಾತ್ರ, ನನ್ನ ತುಟಿಯಿಲ್ಲ, ಕೈಯಿಲ್ಲ, ಇರುವುದು ತಂತಿಯ ತುದಿಯ ಇಪ್ಪತ್ತೆರಡು ಚುಕ್ಕಿ. ಪಾದ ತಿರುಗಿದವಳು ಮತ್ತೆ ಬಂದಳು, ಗುರ್ ಗುರ್ ಎಂದು ಉಸಿರು ನುಂಗುತ್ತಾ, ಕೈ ಅಲ್ಲಾಡಲಿಲ್ಲ. ಹೋದಳು. ನಾನು ಬಂದೆ. ಮುದುಕಿ ಒಳಗೆ ಊರು ಹೊರಗೆ, ಗಾಳಿ ಬಂತು — ಎದ್ದಿತು, ಹೆಬ್ಬೆರಳು, ಉಳಿದ ನಾಲ್ಕು ಬೆರಳು ಕಲ್ಲಿನ ಹಾಗೆ ಬಿದ್ದಿವೆ ಇದೊಂದು ಎದ್ದಿತು, ಗಾಳಿಯಲ್ಲಿ ನಿಂತಿತು, ವಾಪಸ್ಸು ಹೋಯಿತಂತೆ, ಇಳಿಯಿತು, ಕುರ್ಚಿಯ ತೋಳನ್ನು ಮುಟ್ಟಿತು, ಕೊಕ್ಕು, ಅಕ್ಕಿಕಾಳು, ನನ್ನ ಮಣಿಕಟ್ಟು, ನನ್ನ ಮಣಿಕಟ್ಟು ಯಾಕೆ ಹೀಗೆ ಉರಿಯುತ್ತಿದೆ.

ಕೈ ಅಲ್ಲಾಡಿಸ್ತಿದಾಳಲ್ರೀ, ಟೋಪಿ ಮೇಡಂ ಪರದೆಗೆ ಮೂಗು ತಾಗಿಸಿ ಹೇಳುತ್ತಿದ್ದಾರೆ, ನೋಡಿ ಇಲ್ಲಿ ಗೆರೆ ಹಾರ್ತಿದೆ, ಎಷ್ಟು ಚೆನ್ನಾಗಿ ಕೂತಿದ್ಲು, ಆ ಬೆರಳೊಂದು ರೀಡಿಂಗ್ ಕೆಡ್ಸುತ್ತೆ, ಒಂದು ಕೆಲ್ಸ ಮಾಡಿ, ಮುಂದಿನ ತುಂಡು ಮುಗಿದ ತಕ್ಷಣ ನೀವು ಒಳಗೆ ಹೋಗಿ ಮೆತ್ತಗೆ ಕೈ ಹಿಡ್ಕೊಂಡು ಕೂತ್ಬಿಡಿ, ಮಾತಾಡ್ಬೇಡಿ, ಬರೀ ಹಿಡ್ಕೊಳ್ಳಿ. ಹೂಂ ಅಂದೆ. ಹೂಂ ಅಂದೆನಲ್ಲ ನಾನು, ಎದ್ದು ನಿಂತಿದ್ದೇನೆ, ಬಾಗಿಲ ಹಿಡಿ ಕೈಯಲ್ಲಿ ತಣ್ಣಗಿದೆ, ಹೆಡ್‌ಫೋನಿನ ತಂತಿ ಕತ್ತನ್ನು ಹಿಂದಕ್ಕೆಳೆಯುತ್ತಿದೆ, ಹೇಗೆ ಹಿಡಿಯಲಿ, ಏನೆಂದು ಹಿಡಿಯಲಿ, ಅಜ್ಜಿ ಹೂಂ ಇಲ್ಲದೆ ಹೇಳಿದವಳಲ್ಲ, ನಾನು ಹೂಂ ಅನ್ನುವ ಬೆರಳನ್ನೇ ಅದುಮಿ ಹಿಡಿಯಲೇ, ಹಿಡಿಯದಿದ್ದರೆ ಗೆರೆ ಕೆಡುತ್ತದೆ, ಗೆರೆ ಕೆಟ್ಟರೆ ಟೀಚರ್ ಮುಂದೆ ಏನು ತೋರಿಸುವುದು, ಬೆರಳು ಎದ್ದಿತ್ತು ಮೇಡಂ ನಾನು ಕಂಡೆ ಎನ್ನಲೇ, ಡೈರಿಯಲ್ಲಿ ಹನ್ನೆರಡು ಬರೆದವಳ ಮಾತನ್ನು ಯಾರು ನಂಬುತ್ತಾರೆ, ಲಯ ಅಷ್ಟೇ ಹಿಡಿದಿದ್ದಾಳೆ, ಮಾತಲ್ಲ ಅನ್ನುತ್ತಾರೆ, ಇರಬಹುದು, ಹಲ್ಲಿಲ್ಲದ ಅಜ್ಜಿಯ ಗಾಳಿಮಾತಿಗೆ ನಾವೂ ಹೂಂ ಅಂದದ್ದು ಲಯಕ್ಕೋ ಮಾತಿಗೋ, ಯಾರು ಅಳೆದರು, ಯಾವ ಟೋಪಿ — ಶುರುವಾಯಿತು, ನನ್ನ ದನಿ, ಕೊನೆಗೆ ಒಂದು ಇರುವೆ ಬಂತು, ಬಾಯಲ್ಲಿ ಸಕ್ಕರೆಯ ಹರಳು, ಹೆಬ್ಬೆರಳು ಎದ್ದಿದೆ, ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು, ಎದ್ದೇ ಇದೆ, ಮೀನುಗಳು ಅತ್ತ ಹೋದವು, ಅವಳ ಕಣ್ಣು ಮೀನಿನ ಜೊತೆ ಹೋಗಲಿಲ್ಲ, ಎಲ್ಲೋ ನಿಂತಿದೆ, ಅದರೊಳಗೆ ತಲೆ ತೂರಿಸಿ ಅಜ್ಜೀ ಅಜ್ಜೀ ಬರಲಾ ಅಂತ ಕೇಳಿತಂತೆ, ಇಳಿಯಿತು, ಮುಟ್ಟಿತು, ಎದ್ದಿತು, ಆಗ ಮುದುಕಿ ಒಳಗಿನಿಂದ ಕೂಗಿ, ಬಾ ಮಗಾ, ಆದ್ರೆ —

ಕತ್ತರಿಸಿತು. ಅಲ್ಲೇ. ಕಿವಿಯಲ್ಲಿ ಏನೂ ಇಲ್ಲ. ಆಯ್ತು ಹೋಗಿ, ಬೇಗ ಹೋಗಿ ಕೈ ಹಿಡ್ಕೊಳ್ಳಿ, ಇಪ್ಪತ್ತು ಸೆಕೆಂಡಿದೆ ಎನ್ನುತ್ತಿದ್ದಾರೆ ಟೋಪಿ ಮೇಡಂ, ಬಾಗಿಲ ಹಿಡಿ ತಣ್ಣಗಿದೆ, ಮುದುಕಿಯ ಬಾಯಿ ತೆರೆದೇ ಇದೆ, ಇರುವೆ ಬಿರುಕಿನಲ್ಲಿ ತಲೆಯಿಟ್ಟು ಕಾಯುತ್ತಿದೆ, ಆರು ಕಾಲೂ ಹೊರಗೆ, ಹೋಗ್ರೀ ಎನ್ನುತ್ತಿದ್ದಾರೆ, ಗಾಜಿನ ಆಚೆ ಕೆಂಪು ಚುಕ್ಕಿಗಳು, ಜಾರಿದ ಕಾಲುಚೀಲ, ಕುರ್ಚಿಯ ತೋಳು, ಅದರ ಮೇಲೆ ನಾಲ್ಕು ಬೆರಳು ಕಲ್ಲಿನ ಹಾಗೆ, ಹೆಬ್ಬೆರಳು ಮಾತ್ರ ಗಾಳಿಯಲ್ಲಿ, ಇಳಿದಿಲ್ಲ, ಮಾತು ಮುಗಿದಿಲ್ಲವೆಂದು ಅದಕ್ಕೆ ಗೊತ್ತು, ಇನ್ನೂ ಇಳಿದಿಲ್ಲ, ಎತ್ತಿದ ಹಾಗೇ, ಎತ್ತಿದ ಹೆಬ್ಬೆರಳು